ಓದಿದ್ದನ್ನು ಹಂಚೋಣ, ಓದಿಯೇ ಹಂಚೋಣ

'ದೇಶ ಸುತ್ತು, ಇಲ್ಲವೇ ಕೋಶ ಓದು' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಊರು ಬಿಟ್ಟು ಈ ಮರಳುನಾಡಿಗೆ ಬಂದು ನೆಲೆಸಿರುವ ನಾವು ಮೊದಲನೆಯದನ್ನು ಮಾಡಿಬಿಟ್ಟಿದ್ದೇವೆ. ಎರಡನೆಯದರ ಗತಿ ಏನು? ಓದುವುದೇ ಇಲ್ಲ ಎನ್ನುವಂತಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಮೊಬೈಲ್ ಪರದೆಯ ಮೇಲೆ ಏನನ್ನಾದರೂ ಓದುತ್ತಲೇ ಇರುತ್ತೇವೆ. ಓದಿದ್ದನ್ನು ಬಂಧುಗಳಿಗೆ, ಗೆಳೆಯರಿಗೆ ಹಂಚುತ್ತಲೂ ಇರುತ್ತೇವೆ. ಆದರೆ ಹಾಗೆ ಹಂಚಿದ್ದರಲ್ಲಿ ನಾವು ನಿಜವಾಗಿ ಓದಿದ್ದೆಷ್ಟು, ಬರಿದೇ ದಾಟಿಸಿದ್ದೆಷ್ಟು?

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇವೆ. ಒಂದು ಸ್ವಾತಂತ್ರ್ಯ ದಿನಾಚರಣೆಯಂದು ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಅತ್ಯುತ್ತಮವೆಂದು ಯುನೆಸ್ಕೊ ಘೋಷಿಸಿದೆ ಎಂಬ ಸಂದೇಶ ಬಂತು. ಹೆಮ್ಮೆಯಿಂದ ಎದೆ ಉಬ್ಬಿತು. ಕೂಡಲೇ ಹತ್ತಾರು ಜನರಿಗೆ ಕಳುಹಿಸಿದೆವು. ಸಂಜೆ ಮಗಳು ಕೇಳಿದಳು, "ಇದನ್ನು ನೀವು ಎಲ್ಲಿ ಓದಿದಿರಿ?" ಉತ್ತರ ನಮ್ಮಲ್ಲಿರಲಿಲ್ಲ. ಹುಡುಕಿ ನೋಡಿದರೆ, ಅಂಥ ಘೋಷಣೆ ಮಾಡಿಯೇ ಇಲ್ಲವೆಂದು ಯುನೆಸ್ಕೊ 2008ರಲ್ಲೇ ತಿಳಿಸಿತ್ತು! ಎತ್ತು ಈಯಿತು ಎಂದರೆ ಕರು ಕಟ್ಟು ಎಂದರಂತೆ. ಆ ದಿನ ಕರು ಕಟ್ಟಲು ಹಗ್ಗ ಹಿಡಿದು ಓಡಿದವರು ನಾವೇ.

ಇದು ನಗುವ ವಿಷಯ. ಆದರೆ ಎಲ್ಲ ಸಂದೇಶಗಳೂ ನಗೆಯಲ್ಲಿ ಮುಗಿಯುವುದಿಲ್ಲ. 2018ರ ಜುಲೈ ತಿಂಗಳಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯಲ್ಲಿ ನಡೆದದ್ದನ್ನು ನಾವು ಮರೆಯಬಾರದು. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅವರಲ್ಲಿ ಒಬ್ಬರು ಕತಾರಿನಿಂದ ಬಂದ ಅತಿಥಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ವಾಟ್ಸಾಪ್‌ನಲ್ಲಿ ಹರಡಿತು. ಸೇರಿದ ಜನರ ಹೊಡೆತಕ್ಕೆ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಆ ಸಂದೇಶವನ್ನು ದಾಟಿಸಿದವರಲ್ಲಿ ಹೆಚ್ಚಿನವರು ಮಕ್ಕಳ ಹಿತಕ್ಕಾಗಿಯೇ ಹಾಗೆ ಮಾಡುತ್ತಿದ್ದೇವೆ ಎಂದುಕೊಂಡಿರಬೇಕು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ನಾವಿರುವ ಯು.ಎ.ಇ.ಯಲ್ಲಿಯೂ 2021ರ ಕಾನೂನಿನ ಪ್ರಕಾರ ಜಾಲದ ಮೂಲಕ ವದಂತಿ ಹರಡುವುದು ಶಿಕ್ಷಾರ್ಹ ಅಪರಾಧ.

ಹಾಗಾದರೆ ಹಂಚುವುದನ್ನೇ ಬಿಟ್ಟುಬಿಡೋಣವೇ? ಬೇಡ. ಹಂಚುವ ರೀತಿಯನ್ನು ಬದಲಿಸೋಣ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ನಮಗೆ ತೋಚಿದ ಒಳ್ಳೆಯ ದಾರಿಯೆಂದರೆ, ಪ್ರತಿ ವಿದ್ಯಾರ್ಥಿಯೂ, ಸಾಧ್ಯವಾದರೆ ಪ್ರತಿ ಮನೆಯೂ, ತನ್ನದೇ ಆದ ಒಂದು ಚಿಕ್ಕ ವೆಬ್‌ಸೈಟ್ ಇಟ್ಟುಕೊಂಡು, ಓದಿದ ಒಳ್ಳೆಯದನ್ನು ಅಲ್ಲಿ ದಾಖಲಿಸುವುದು.

ಇದು ಹೊಸ ಮಾತೇನೂ ಅಲ್ಲ. ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿದ್ದಾಗ 1989ರಲ್ಲಿ ವಿಶ್ವವ್ಯಾಪಿ ಜಾಲದ ಪ್ರಸ್ತಾಪವನ್ನು ಮುಂದಿಟ್ಟರು. ಸಂಶೋಧಕರು ತಾವು ತಿಳಿದದ್ದನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳಲಿ ಎಂಬುದೇ ಅದರ ಉದ್ದೇಶ. ಆ ಸಂಸ್ಥೆ 1993ರಲ್ಲಿ ಈ ತಂತ್ರಜ್ಞಾನವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. 1997ರಲ್ಲಿ ಅಮೆರಿಕದ ಜಾರ್ನ್ ಬಾರ್ಗರ್ ಎಂಬವರು ಜಾಲದಲ್ಲಿ ತಾವು ಓದಿದ ಒಳ್ಳೆಯ ಪುಟಗಳ ಕೊಂಡಿಗಳನ್ನು ಚಿಕ್ಕ ಟಿಪ್ಪಣಿಗಳೊಂದಿಗೆ ತಮ್ಮ ತಾಣದಲ್ಲಿ ಪಟ್ಟಿ ಮಾಡುತ್ತಾ, ಅದನ್ನು 'ವೆಬ್‌ಲಾಗ್' ಎಂದು ಕರೆದರು. ಅಂದರೆ ಓದಿನ ದಿನಚರಿ.

ನಮ್ಮ ಹಿಂದಿನ ತಲೆಮಾರಿನವರಿಗೂ ಈ ಅಭ್ಯಾಸವಿತ್ತು. ಸುಧಾ, ತರಂಗ, ಪ್ರಜಾವಾಣಿಗಳಲ್ಲಿ ಬಂದ ಒಳ್ಳೆಯ ಲೇಖನವನ್ನು ಕತ್ತರಿಸಿ ಹಳೆಯ ಲೆಕ್ಕದ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿಡುವ ಅಜ್ಜಂದಿರು ಎಷ್ಟೋ ಮನೆಗಳಲ್ಲಿದ್ದರು. ಶಾಲೆಯ ಗೋಡೆಪತ್ರಿಕೆಯೂ ಅಂಥದ್ದೇ. ನಮ್ಮ ವೆಬ್‌ಸೈಟ್ ಆ ಕತ್ತರಿಸಿಟ್ಟ ಪುಸ್ತಕ ಮತ್ತು ಗೋಡೆಪತ್ರಿಕೆ ಎರಡೂ ಆಗಬಲ್ಲದು.

ಸಂದೇಶ ದಾಟಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಬಹುದು. ದಾಟಿಸಲು ಒಂದು ಬೆರಳು ಸಾಕು. ನಮ್ಮ ಪುಟದಲ್ಲಿ ಹಾಕಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಇದನ್ನು ಬರೆದವರು ಯಾರು? ಇದು ಎಲ್ಲಿ, ಯಾವಾಗ ಪ್ರಕಟವಾಯಿತು? ಇದು ನಮಗೇಕೆ ಇಷ್ಟವಾಯಿತು, ಅಥವಾ ಎಲ್ಲಿ ಅನುಮಾನ ಬಂತು? ಇಷ್ಟನ್ನು ಬರೆಯಲು ಲೇಖನವನ್ನು ಕೊನೆಯವರೆಗೆ ಓದಲೇಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಆಗ ತಾನಾಗಿಯೇ ಆಚರಣೆಗೆ ಬರುತ್ತದೆ. ಜೊತೆಗೆ ಅಲ್ಲಿ ನಮ್ಮ ಹೊಣೆ ಇರುತ್ತದೆ. ತಪ್ಪಾದರೆ ತಿದ್ದಿ, ತಿದ್ದಿದ್ದೇವೆ ಎಂದು ಹೇಳಬಹುದು. ನೂರು ಕಡೆ ಹೋದ ಸಂದೇಶವನ್ನು ತಿದ್ದಲು ಯಾರಿಂದ ಸಾಧ್ಯ?

ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಇರುವಾಗ ಸ್ವಂತ ತಾಣವೇ ಏಕೆ? ಬಾಡಿಗೆ ಮನೆಯ ಸುಖದುಃಖಗಳು ಇಲ್ಲಿರುವ ನಮಗೆ ಗೊತ್ತಿಲ್ಲದ್ದಲ್ಲ. ಮಾಲೀಕರು ಬಿಡು ಎಂದ ದಿನ ಬಿಡಬೇಕು. ಲಕ್ಷಾಂತರ ಜನ ತಮ್ಮ ಪುಟಗಳನ್ನು ಇಟ್ಟಿದ್ದ ಜಿಯೊಸಿಟೀಸ್ 2009ರಲ್ಲಿ ಜಪಾನ್ ಹೊರತು ಉಳಿದೆಡೆ ಮುಚ್ಚಿತು. ನಮ್ಮಲ್ಲಿ ಅನೇಕರು ಗೆಳೆಯರನ್ನು ಕಂಡುಕೊಂಡಿದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ನಿಂತುಹೋಯಿತು. ಅಲ್ಲಿ ಬರೆದದ್ದರಲ್ಲಿ ನಾವು ಉಳಿಸಿಕೊಂಡದ್ದು ಎಷ್ಟು? ಸ್ವಂತ ತಾಣವೂ ಶಾಶ್ವತವೇನಲ್ಲ. ವರ್ಷ ವರ್ಷವೂ ವಿಳಾಸದ ಶುಲ್ಕ ಕಟ್ಟದಿದ್ದರೆ ಅದೂ ಕೈತಪ್ಪುತ್ತದೆ. ಆದರೆ ಸರಳ ಎಚ್‌ಟಿಎಂಎಲ್‌ನಲ್ಲಿ ಬರೆದ ಕಡತಗಳು ನಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ. ಒಂದು ಕಡೆ ಬಾಗಿಲು ಮುಚ್ಚಿದರೆ ಇನ್ನೊಂದು ಕಡೆ ಇಡಬಹುದು. ಸರ್ನ್ ಸಂಸ್ಥೆ ತನ್ನ ಮೊಟ್ಟಮೊದಲ ತಾಣದ ಪುಟಗಳನ್ನು 2013ರಲ್ಲಿ ಹಳೆಯ ವಿಳಾಸದಲ್ಲೇ ಮತ್ತೆ ಇರಿಸಿತು. ಅವು ಇಂದಿನ ಮೊಬೈಲಿನಲ್ಲೂ ತೆರೆದುಕೊಳ್ಳುತ್ತವೆ. ಸರಳವಾದದ್ದು ಬಾಳುತ್ತದೆ.

ಇನ್ನು ಭಾಷೆಯ ಮಾತು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡವೆಂದರೆ ಮನೆಯಲ್ಲಿ ಆಡುವ ಮಾತು, ತರಗತಿಯಲ್ಲಿ ಬರೆಯುವ ಪರೀಕ್ಷೆ. ಇವೆರಡರ ನಡುವೆ ಸುಮ್ಮನೆ ಸಂತೋಷಕ್ಕಾಗಿ ಓದಿ ಬರೆಯುವ ಕನ್ನಡವೊಂದು ಬೇಕು. ಹಿಂದೆ ಒಂದೊಂದು ಕನ್ನಡ ತಾಣಕ್ಕೂ ಒಂದೊಂದು ಫಾಂಟ್ ಬೇಕಿತ್ತು. ಅದಿಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಗೆರೆಗಳು. ಯುನಿಕೋಡ್ ಬಳಕೆಗೆ ಬಂದ ಮೇಲೆ ಆ ಕಷ್ಟ ತೀರಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಬೆಳೆದದ್ದು ಬಿಡುವಿನ ವೇಳೆಯಲ್ಲಿ ಬರೆದ ಸಾಮಾನ್ಯ ಜನರಿಂದಲೇ. ಶಾರ್ಜಾ ಪುಸ್ತಕ ಮೇಳದಲ್ಲಿ ಕಂಡ ಪುಸ್ತಕದ ಬಗ್ಗೆಯೋ, ಓದಿದ ವಿಜ್ಞಾನ ಲೇಖನದ ಬಗ್ಗೆಯೋ ನಮ್ಮ ಮಕ್ಕಳು ಐದು ಸಾಲು ಕನ್ನಡದಲ್ಲಿ ಬರೆದರೆ ಧಾರವಾಡದ ಅಜ್ಜಿಯೂ ಓದಬಹುದು, ಮೆಲ್ಬರ್ನಿನ ಅಣ್ಣನೂ ಓದಬಹುದು. ಕಾಗುಣಿತ ತಪ್ಪಬಹುದು. ತಪ್ಪಲಿ, ತಿದ್ದಿಕೊಳ್ಳಬಹುದು. ಬರೆಯದೇ ಇದ್ದರೆ ತಿದ್ದುವುದಾದರೂ ಏನನ್ನು?

ಹೆತ್ತವರ ಆತಂಕ ನಮಗೂ ಇದೆ. ಆದ್ದರಿಂದ ಕೆಲವು ಕಟ್ಟುಪಾಡುಗಳು ಇರಲಿ. ಚಿಕ್ಕ ಮಕ್ಕಳ ತಾಣವನ್ನು ತಂದೆ ತಾಯಿಯರೇ ತಮ್ಮ ಕೈಯಲ್ಲಿಟ್ಟುಕೊಳ್ಳಲಿ. ಮನೆಯ ವಿಳಾಸ, ದೂರವಾಣಿ ಸಂಖ್ಯೆ, ಮಕ್ಕಳ ಭಾವಚಿತ್ರ, ಶಾಲಾ ಬಸ್ಸಿನ ವೇಳೆ ಇವು ಯಾವುವೂ ಅಲ್ಲಿ ಬೇಡ. ಬೇರೆಯವರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಹಾಕುವುದು ಬೇಡ. ಇನ್ನೊಬ್ಬರ ಲೇಖನವನ್ನು ಪೂರ್ತಿ ನಕಲು ಮಾಡುವುದೂ ಬೇಡ. ಅದು ಹಂಚುವುದಲ್ಲ, ಕದಿಯುವುದು. ಸಾರವನ್ನು ಸ್ವಂತ ಮಾತಿನಲ್ಲಿ ಬರೆದು, ಬರೆದವರ ಹೆಸರು ಹೇಳಿ, ಮೂಲಕ್ಕೆ ಕೊಂಡಿ ಕೊಟ್ಟರೆ ಸಾಕು. ಎಷ್ಟು ಜನ ನೋಡಿದರು ಎಂದು ಎಣಿಸುವ ಗೋಜಿಗೂ ಹೋಗುವುದು ಬೇಡ. ಇಬ್ಬರು ಓದಿದರೂ ಪುಟ ಸಾರ್ಥಕ.

ವಿದ್ಯಾರ್ಥಿ ಮಿತ್ರರೇ, ಬೇಸಿಗೆ ರಜೆ ಬರುತ್ತಿದೆ. ನಮ್ಮಲ್ಲಿ ಹಲವರು ಮಳೆಗಾಲದ ಊರಿಗೆ ಹೊರಡುತ್ತೇವೆ. ಹೊರಗೆ ಮಳೆ ಸುರಿಯುವಾಗ ಅಜ್ಜನ ಕಪಾಟಿನಲ್ಲಿ ಆ ಹಳೆಯ ಕತ್ತರಿಸಿಟ್ಟ ಪುಸ್ತಕವೇನಾದರೂ ಸಿಕ್ಕೀತೇ ನೋಡಿ. ವಾರಕ್ಕೆ ಒಂದು ಒಳ್ಳೆಯ ಬರಹ, ಅದರ ಬಗ್ಗೆ ಐದು ಸಾಲು. ವರ್ಷದ ಕೊನೆಗೆ ಐವತ್ತು ಟಿಪ್ಪಣಿಗಳಾಗುತ್ತವೆ. ದೊಡ್ಡವರಾದ ನಾವೂ ನಿಮ್ಮೊಂದಿಗೆ ಆರಂಭಿಸುತ್ತೇವೆ. ನಮ್ಮ ಮೊದಲ ಟಿಪ್ಪಣಿ ಆ ರಾಷ್ಟ್ರಗೀತೆಯ ಸಂದೇಶದ ಬಗ್ಗೆಯೇ ಇರುತ್ತದೆ. ಮಗಳು ಕೇಳಿದ ಪ್ರಶ್ನೆಗೆ ನಾವು ಕೊಡಬೇಕಾಗಿದ್ದ ಉತ್ತರ ಅದು.