ಸ್ಕ್ರೂ ತಿರುವಿದ್ದು ಸಾಕು, ಕಾರಣ ಹೇಳಿ!



ಏಸಿ ಗುಂಡಿ ಒತ್ತಿದ ಕೂಡಲೇ ನಿಮ್ಮ ಪೆಟ್ರೋಲ್ ಕಾರು ಗಡಗಡ ನಡುಗುತ್ತದೆಯೇ? ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಉಸಿರುಗಟ್ಟಿ ಆಫ್ ಆಗುತ್ತದೆಯೇ? ಎಷ್ಟೋ ಗ್ಯಾರೇಜುಗಳಲ್ಲಿ ಇದಕ್ಕೆ ಸಿಗುವ ಮದ್ದು ಒಂದೇ: "ಐಡ್ಲಿಂಗ್ ಏರಿಸಿಬಿಡೋಣ ಸಾರ್!" ಒಂದು ಸ್ಕ್ರೂಡ್ರೈವರ್, ಎರಡು ತಿರುವು, ಕೈಗೆ ಬಿಲ್ಲು. ಇದು ರಿಪೇರಿಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ!

ನಿಜ ಏನೆಂದು ತಿಳಿಯಿರಿ. ಏಸಿಯ ತಂಪು ಪುಕ್ಕಟೆ ಬರುವುದಿಲ್ಲ. ಅದರ ಕಂಪ್ರೆಸರನ್ನು ಬೆಲ್ಟ್ ಮೂಲಕ ಎಂಜಿನ್ನೇ ತಿರುಗಿಸಬೇಕು. ನಿಂತಲ್ಲಿ ನಿಮಿಷಕ್ಕೆ 700-900 ಸುತ್ತು ಮಾತ್ರ ತಿರುಗುವ ಎಂಜಿನ್ನಿಗೆ ಅದು ದೊಡ್ಡ ಹೊರೆ. ಕಂಪ್ರೆಸರಿನ ಕ್ಲಚ್ 'ಟಕ್' ಎಂದು ಹಿಡಿದರೆ ತಲೆಯ ಮೇಲೆ ಮೂಟೆ ಬಿದ್ದಂತೆಯೇ. ಕಾರು ಮಾಡಿದವರಿಗೆ ಇದು ಗೊತ್ತಿಲ್ಲವೇ? ಕಾರ್ಬುರೇಟರ್ ಕಾಲದಲ್ಲೇ, ಏಸಿ ಹಾಕಿದಾಗ ಥ್ರಾಟಲ್ಲನ್ನು ತುಸು ತೆರೆಯಲು ವ್ಯಾಕ್ಯೂಮ್ ಡಬ್ಬಿ ಇಟ್ಟಿದ್ದರು. ಇಂಜೆಕ್ಷನ್ ಕಾರಿನಲ್ಲಿ ಆ ಕೆಲಸ ಇಸಿಯು ಎಂಬ ಕಂಪ್ಯೂಟರಿನದು. ಏಸಿ ಬೇಕೆಂಬ ಸುದ್ದಿ ಬಂದೊಡನೆ ಅದು ಗಾಳಿಯ ದಾರಿ ಅಗಲಿಸುತ್ತದೆ, ಪೆಟ್ರೋಲ್ ಹೊಂದಿಸುತ್ತದೆ, ಆಮೇಲೆ ಕ್ಲಚ್ ಹಿಡಿಸುತ್ತದೆ. ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ! ಒಂದು ಕ್ಷಣ ತುಸು ಅದುರಿ ಸರಿಹೋದರೆ ಅದು ಸಹಜ. ನಡುಗುತ್ತಲೇ ಇದ್ದರೆ ಎಲ್ಲೋ ರೋಗವಿದೆ.

ಎಲ್ಲಿ? ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರಬಹುದು. ಐಡಲ್ ವಾಲ್ವ್ ಅಂಟಿರಬಹುದು. ವ್ಯಾಕ್ಯೂಮ್ ಪೈಪು ಬಿರುಕು ಬಿಟ್ಟಿರಬಹುದು. ಪ್ಲಗ್ಗು ಸವೆದಿರಬಹುದು. ಏಸಿಯದೇ ತಪ್ಪೂ ಇರಬಹುದು: ಗ್ಯಾಸು ಅಳತೆ ಮೀರಿ ತುಂಬಿದರೆ, ಕಂಡೆನ್ಸರ್ ಫ್ಯಾನು ನಿಂತರೆ, ಒತ್ತಡ ಏರಿ ಕಂಪ್ರೆಸರಿನ ಹೊರೆ ಇನ್ನೂ ಹೆಚ್ಚುತ್ತದೆ.

ಸ್ಕ್ರೂ ತಿರುವಿದರೆ ಇದರಲ್ಲಿ ಯಾವುದು ವಾಸಿಯಾಯಿತು? ಒಂದೂ ಇಲ್ಲ! ಏಸಿ ಹಾಕದಾಗಲೂ ಎಂಜಿನ್ ಕಿರುಚುತ್ತದೆ, ನಿಮ್ಮ ದುಡ್ಡಿನ ಪೆಟ್ರೋಲ್ ಕುಡಿಯುತ್ತದೆ. ಆಟೋಮ್ಯಾಟಿಕ್ ಗಾಡಿಯಾದರೆ ಬ್ರೇಕ್ ಸಡಿಲಿಸಿದೊಡನೆ ಮುಂದಕ್ಕೆ ನುಗ್ಗುತ್ತದೆ. ಎದುರಿಗೆ ರಸ್ತೆ ದಾಟುವ ಮಗುವಿದ್ದರೆ ಗತಿಯೇನು? ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಕಾರಿನಲ್ಲಂತೂ ಆ ಸ್ಕ್ರೂ ಕಾರ್ಖಾನೆಯಲ್ಲೇ ಹೊಂದಿಸಿಟ್ಟದ್ದು. ಅದನ್ನು ಮುಟ್ಟಿದರೆ ಕಂಪ್ಯೂಟರಿನ ಲೆಕ್ಕವೇ ತಪ್ಪುತ್ತದೆ.

ಕೈಗೆ ಗ್ರೀಸು ಮೆತ್ತಿಕೊಂಡು ಪ್ರಾಮಾಣಿಕವಾಗಿ ದುಡಿಯುವ ಮೆಕ್ಯಾನಿಕ್‌ಗಳ ಮೇಲೆ ನಮಗೆ ಸಿಟ್ಟಿಲ್ಲ. ಅವರು ಕಾರಣ ಹುಡುಕುತ್ತಾರೆ, ತೋರಿಸುತ್ತಾರೆ. ನಮ್ಮ ಸಿಟ್ಟು ರೋಗ ಮುಚ್ಚಿಟ್ಟು ದುಡ್ಡು ಎಣಿಸುವವರ ಮೇಲೆ. ಅದಕ್ಕಿಂತ ಹೆಚ್ಚಿನ ಸಿಟ್ಟು, ಬಾಯಿ ಮುಚ್ಚಿಕೊಂಡು ಕೊಟ್ಟು ಬರುವ ನಮ್ಮ ತಾಳ್ಮೆಯ ಮೇಲೆ!

ಯುವಕರೇ, ಯುವತಿಯರೇ, ಬಾನೆಟ್ ಮುಂದೆ ನಿಂತು ಕೇಳಿ. ಸ್ಕ್ಯಾನರ್ ಹಾಕಿ ನೋಡಿದಿರಾ? ಥ್ರಾಟಲ್ ಬಾಡಿ ತೊಳೆದಿರಾ? ತೊಳೆದ ಮೇಲೆ ಕಂಪ್ಯೂಟರಿಗೆ ಐಡ್ಲಿಂಗನ್ನು ಹೊಸದಾಗಿ ಕಲಿಸಿದಿರಾ? ಏಸಿಯ ಒತ್ತಡ ಅಳೆದಿರಾ? ಫ್ಯಾನು ತಿರುಗುತ್ತಿದೆಯಾ?

ಕೇಳುವುದು ಜಗಳವಲ್ಲ, ಹಕ್ಕು. ಉತ್ತರ ಕೊಟ್ಟವರಿಗೆ ಕೈಮುಗಿದು ಕಾಸು ಕೊಡಿ. ಉತ್ತರವಿಲ್ಲದ ಕಡೆ ಬೀಗದ ಕೈ ವಾಪಸ್ ಇಸಿದುಕೊಳ್ಳಿ!