ಕಾರ್ಟೂನಿನ ಹಬ್ಬವೂ ನಮ್ಮ ಮಕ್ಕಳೂ

ಹಬ್ಬವೆಂದರೆ ಏನು? ಹೊಸ ಬಟ್ಟೆ, ಸಿಹಿಯೂಟ, ನೆಂಟರಿಷ್ಟರ ಆಗಮನ ಎಂದು ಹಿರಿಯರು ಹೇಳಿಯಾರು. ಇಂದಿನ ಮಗುವಾದರೋ ಟಿ.ವಿ.ಯತ್ತ ಬೆರಳು ತೋರಿಸಿದರೂ ಆಶ್ಚರ್ಯವಿಲ್ಲ. ದೀಪಾವಳಿಗೊಂದು ವಿಶೇಷ ಕಾರ್ಟೂನು, ಕ್ರಿಸ್‌ಮಸ್ಸಿಗೊಂದು ವಿಶೇಷ ಕಾರ್ಟೂನು! ಇವು ಎಳೆಯ ಮನಸ್ಸಿನಲ್ಲಿ ಏನನ್ನು ಬಿತ್ತುತ್ತಿವೆ ಎಂದು ವಿಚಾರಿಸುವುದು ವಿದ್ಯಾವಂತರೆನಿಸಿಕೊಂಡ ನಮ್ಮ ಕರ್ತವ್ಯವಲ್ಲವೇ?

ಕಾರ್ಟೂನು ಕೆಟ್ಟದ್ದೆಂದು ನಾನು ಹೇಳಲಾರೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ನೆಲೆಸಿದ ನಮ್ಮ ಆರ್.ಎಚ್. ಕ್ಯಾಂಪಿನಲ್ಲಿ ಮನೆಯ ಮಾತು ಬಂಗಾಳಿ, ಶಾಲೆಯ ಮಾತು ಕನ್ನಡ. 2009ರಲ್ಲಿ ಚಿಂಟು ಟಿ.ವಿ. ಆರಂಭವಾದ ಮೇಲೆ ಕಾರ್ಟೂನಿನ ಪಾತ್ರಗಳು ಕನ್ನಡದಲ್ಲಿ ಮಾತನಾಡತೊಡಗಿದವು. ಇಂಥ ಮಕ್ಕಳಿಗೆ ಅದು ಎರಡನೆಯ ಶಾಲೆಯೇ ಸರಿ. ಹಂಚಿ ತಿನ್ನು, ಬಡವನಿಗೆ ನೆರವಾಗು ಎಂಬ ಹಬ್ಬದ ಕಥೆಗಳ ನೀತಿಯೂ ಒಳ್ಳೆಯದೇ.

ಹಾಗಾದರೆ ಆಕ್ಷೇಪವೇನು? ಕಥೆಯು ‘ಕೊಡು’ ಎನ್ನುತ್ತದೆ. ಕಥೆಯ ನಡುವೆ ಬರುವ ಜಾಹೀರಾತು ‘ಕೊಡಿಸು ಎಂದು ಕೇಳು’ ಎನ್ನುತ್ತದೆ. ಈ ವಿರೋಧಾಭಾಸ ಹೊಸದಲ್ಲ. 1965ರ ಡಿಸೆಂಬರಿನಲ್ಲಿ ಅಮೆರಿಕದ ಟಿ.ವಿ.ಯಲ್ಲಿ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’ ಎಂಬ ಕಾರ್ಟೂನು ಪ್ರಸಾರವಾಯಿತು. ಹಬ್ಬವು ವ್ಯಾಪಾರವಾಗಿಹೋಯಿತೆಂದು ಅದರ ಬಾಲಕನಾಯಕ ಮರುಗುತ್ತಾನೆ. ಅದಕ್ಕೆ ಹಣ ಕೊಟ್ಟ ಪ್ರಾಯೋಜಕರಾರು? ಕೋಕಾ-ಕೋಲಾ ಕಂಪನಿ!

ನಮ್ಮ ದೇಶದ ಛೋಟಾ ಭೀಮನನ್ನೇ ನೋಡಿರಿ. ಹೈದರಾಬಾದಿನಲ್ಲಿ ಹುಟ್ಟಿ 2008ರಿಂದ ಮನೆಮಾತಾದ ಈ ಬಾಲಕನಿಗೆ ಲಾಡು ತಿಂದರೆ ಬಲ ಬರುತ್ತದೆ. ಲಾಡನ್ನು ಅವ್ವ ಮನೆಯಲ್ಲೇ ಕಟ್ಟಿಕೊಡಬಲ್ಲಳು. ಆದರೆ ಭೀಮನ ಚಿತ್ರವಿರುವ ಪಾಟೀಚೀಲ, ನೀರಿನ ಬಾಟಲಿಗಳನ್ನು ಅಂಗಡಿಯಿಂದಲೇ ತರಬೇಕು. ಕಥೆಯಲ್ಲಿ ನೀತಿ ಹೇಳಿದ ವೀರನೇ ಅಂಗಡಿಯಲ್ಲಿ ಮಾರಾಟಗಾರನಾಗಿ ನಿಂತರೆ ಮಗು ಯಾರ ಮಾತನ್ನು ನಂಬಬೇಕು? ಗದ್ದೆಯ ನಾಟಿಗೆ ಹೋಗಿ ಬಂದ ಕೂಲಿಯಲ್ಲಿ ಅಕ್ಕಿ-ಬೇಳೆ ತರುವ ತಂದೆ ಚಿತ್ರವಿಲ್ಲದ ಅಗ್ಗದ ಚೀಲ ತಂದರೆ, ಮಗು ಅಳುತ್ತದೆ. ತಂದೆ ತಲೆ ತಗ್ಗಿಸುತ್ತಾನೆ. ತಪ್ಪು ಮಾಡದವನು ತನ್ನ ಮಗುವಿನೆದುರು ತಪ್ಪಿತಸ್ಥನಾಗುವುದು, ಇದೇ ಈ ವ್ಯಾಪಾರದ ಅತ್ಯಂತ ಕ್ರೂರ ಫಲ.

ನಮ್ಮ ಹಬ್ಬಗಳಲ್ಲಿ ಮಗು ಗಿರಾಕಿಯಲ್ಲ, ಕೆಲಸಗಾರ. ಸುತ್ತಲಿನ ಹಳ್ಳಿಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಹುಡುಗರು ತಾವೇ ಎರೆಮಣ್ಣು ಮಿದ್ದು ಎತ್ತು ಮಾಡುತ್ತಾರೆ. ಪಂಚಮಿಗೆ ಶೇಂಗಾ ಉಂಡಿಯನ್ನು ನೆರೆಮನೆಗೆ ಮುಟ್ಟಿಸುವವರೂ ಅವರೇ. ನಮ್ಮ ಕ್ಯಾಂಪಿನ ದುರ್ಗಾಪೂಜೆಯಲ್ಲಿ ಹೂ ಆರಿಸುವ, ತೋರಣ ಕಟ್ಟುವ ಕೆಲಸ ಚಿಕ್ಕವರದೇ. ಕೊಡುವ ಸಂತೋಷವನ್ನು ಇಲ್ಲಿ ಯಾರೂ ಉಪದೇಶಿಸುವುದಿಲ್ಲ, ಕೈಗಳೇ ಕಲಿಯುತ್ತವೆ.

‘ಜಾತ್ರೆಯಲ್ಲಿ ಬೆಂಡು-ಬತ್ತಾಸು, ಆಟಿಕೆ ಮಾರುತ್ತಿರಲಿಲ್ಲವೇ? ಮಕ್ಕಳು ಆಗಲೂ ಹಟ ಮಾಡುತ್ತಿರಲಿಲ್ಲವೇ?’ ಎಂದು ಕೆಲವರು ಕೇಳಬಹುದು. ನಿಜ. ಆದರೆ ಜಾತ್ರೆ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ, ಟಿ.ವಿ.ಯ ಜಾತ್ರೆ ಮನೆಯೊಳಗೇ ಬೀಡುಬಿಟ್ಟಿದೆ.

ಸರ್ಕಾರ ಸುಮ್ಮನೆ ಕುಳಿತಿಲ್ಲ. ಚಿಪ್ಸು, ತಂಪುಪಾನೀಯಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮಗಳಲ್ಲಿ ತೋರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರಲ್ಲಿ ನಿಯಮ ಮಾಡಿದೆ. ಸ್ವೀಡನ್ ದೇಶವು ಹನ್ನೆರಡರೊಳಗಿನ ಮಕ್ಕಳನ್ನು ಗುರಿಯಾಗಿಸಿದ ಟಿ.ವಿ. ಜಾಹೀರಾತನ್ನೇ ನಿಷೇಧಿಸಿದೆ. ಆದರೆ ಕಾನೂನು ಮಗುವಿನ ಪಕ್ಕದಲ್ಲಿ ಬಂದು ಕೂಡಲಾರದು, ಕೂಡಬೇಕಾದವರು ನಾವು.

ನಮ್ಮಲ್ಲಿ ಅನೇಕರು ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ತಂದೆತಾಯಿಗೆ ಓದಲಾಗದ ಜಾಹೀರಾತಿನ ಒಳಮರ್ಮವನ್ನು ನಾವು ಓದಬಲ್ಲೆವು. ತಮ್ಮ-ತಂಗಿಯರೊಡನೆ ಕುಳಿತು ಕಾರ್ಟೂನು ನೋಡೋಣ, ನಗೋಣ; ಜಾಹೀರಾತು ಬಂದಾಗ ‘ಇದನ್ನು ತೋರಿಸಲು ದುಡ್ಡು ಕೊಟ್ಟವರಾರು? ಯಾಕೆ ಕೊಟ್ಟರು?’ ಎಂದು ಕೇಳೋಣ. ಬಿ.ಎ. ಪದವಿಯಿಂದ ಮನೆಗೆ ಇಷ್ಟಾದರೂ ಪ್ರಯೋಜನವಾಗದಿದ್ದರೆ ಆ ಓದಿಗೆ ಅರ್ಥವೇನು?

— ಅಂತಿಮ ಬಿ.ಎ. ವಿದ್ಯಾರ್ಥಿ