ಪುಸ್ತಕದಂಗಡಿಯಲ್ಲಿ ಕವಿತೆ, ಜತೆಗೊಂದು ಸ್ಯಾಕ್ಸೊಫೋನ್

ಶಿವಮೊಗ್ಗದಲ್ಲಿ ಇವತ್ತು ಕವಿತೆ ಕೇಳಬೇಕೆಂದರೆ ಹೆಚ್ಚಾಗಿ ಎರಡೇ ದಾರಿ. ಒಂದು ಕವಿಗೋಷ್ಠಿ. ದಸರೆಗೋ ರಾಜ್ಯೋತ್ಸವಕ್ಕೋ ನಡೆಯುವ ಗೋಷ್ಠಿಯ ಆಹ್ವಾನ ಪತ್ರಿಕೆಯಲ್ಲಿ ಇಪ್ಪತ್ತು ಮೂವತ್ತು ಹೆಸರುಗಳಿರುತ್ತವೆ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಆಶಯ ನುಡಿ, ಸನ್ಮಾನ ಎಲ್ಲ ಮುಗಿದ ಮೇಲೆ ಒಬ್ಬ ಕವಿಗೆ ಉಳಿಯುವುದು ಮೂರು ನಿಮಿಷ. ಇನ್ನೊಂದು ಭಾವಗೀತೆಯ ಕಾರ್ಯಕ್ರಮ. ಅಲ್ಲಿ ಕೀಬೋರ್ಡ್, ತಬಲ, ರಿದಂ ಪ್ಯಾಡ್ ಎಲ್ಲವೂ ಇರುತ್ತವೆ, ಆದರೆ ನಲವತ್ತು ವರ್ಷದಿಂದ ಕಿವಿಗೆ ಪರಿಚಯವಿರುವ ಅವವೇ ಹತ್ತಿಪ್ಪತ್ತು ಗೀತೆಗಳು, ಅವವೇ ಧಾಟಿಗಳು. ಹೊಸ ಕವಿತೆಗೆ ಸಂಗೀತದ ಜತೆ ಸಿಗುತ್ತಿಲ್ಲ, ಸಂಗೀತಕ್ಕೆ ಹೊಸ ಕವಿತೆ ಸಿಗುತ್ತಿಲ್ಲ. ಇವೆರಡೂ ಮತ್ತೆ ಸೇರಬೇಕಾದ ಜಾಗ ದೊಡ್ಡ ರಂಗಮಂದಿರವಲ್ಲ, ಬಡಾವಣೆಯ ಪುಸ್ತಕದಂಗಡಿ ಎಂಬುದು ನನ್ನ ವಾದ.

ಹೀಗೆ ಸೇರುವುದಕ್ಕೆ ಒಂದು ಮಾದರಿ ಜಾಝ್ ಜತೆ ಕವಿತೆ ಓದುವುದು. ಈ ರೂಢಿ ಬೆಳೆದದ್ದು ಅಮೆರಿಕದಲ್ಲಿ, ಮುಖ್ಯವಾಗಿ ಅಲ್ಲಿನ ಕಪ್ಪು ಜನರ ಕಾವ್ಯದಿಂದ. ಲ್ಯಾಂಗ್‌ಸ್ಟನ್ ಹ್ಯೂಸ್ 1926ರ ತಮ್ಮ ಮೊದಲ ಸಂಕಲನದಲ್ಲೇ ಬ್ಲೂಸ್ ಹಾಡುಗಳ ಲಯವನ್ನು ಕವಿತೆಗೆ ತಂದರು. 1958ರಲ್ಲಿ ಚಾರ್ಲ್ಸ್ ಮಿಂಗಸ್ ಅವರಂಥ ವಾದಕರ ಜತೆ ತಮ್ಮ ಕವಿತೆಗಳನ್ನು ಓದಿ ಧ್ವನಿಮುದ್ರಿಸಿದರು. ಅದರ ಹಿಂದಿನ ವರ್ಷ ಸ್ಯಾನ್‌ಫ್ರಾನ್ಸಿಸ್ಕೊದ ‘ಸೆಲ್ಲರ್’ ಎಂಬ ಸಣ್ಣ ಕ್ಲಬ್ಬಿನಲ್ಲಿ ಕೆನೆತ್ ರೆಕ್ಸ್‌ರಾತ್ ಮತ್ತು ಲಾರೆನ್ಸ್ ಫೆರ್ಲಿಂಗೆಟಿ ಜಾಝ್ ತಂಡದೊಡನೆ ಓದಿದ್ದರು. ಇದೇ ಫೆರ್ಲಿಂಗೆಟಿ 1953ರಲ್ಲಿ ಗೆಳೆಯರೊಬ್ಬರ ಪಾಲುದಾರಿಕೆಯಲ್ಲಿ ತೆರೆದ ‘ಸಿಟಿ ಲೈಟ್ಸ್’ ಪುಸ್ತಕದಂಗಡಿ ಆ ಊರಿನ ಕವಿಗಳ ಅಡ್ಡೆಯಾಗಿ ಬೆಳೆಯಿತು. ಈ ಬಗೆಯ ಓದಿನಲ್ಲಿ ಗಮನಿಸಬೇಕಾದದ್ದು ಒಂದೇ: ಕವಿತೆ ಹಾಡಾಗುವುದಿಲ್ಲ. ಕವಿ ಮಾತಿನ ದನಿಯಲ್ಲೇ ಓದುತ್ತಾನೆ, ವಾದ್ಯ ಅವನ ಸಾಲನ್ನು ಕೇಳಿಸಿಕೊಂಡು ಉತ್ತರ ಕೊಡುತ್ತದೆ, ಅವನು ನಿಂತ ಕಡೆ ಮುಂದುವರಿಯುತ್ತದೆ. ಇವತ್ತು ಓದಿದ ಹಾಗೆ ನಾಳೆ ಇರುವುದಿಲ್ಲ.

ನಮ್ಮ ಮಣ್ಣಿನದಲ್ಲದ ಜಾಝ್ ನಮಗೇಕೆ ಎಂದು ಕೇಳುವವರಿದ್ದಾರೆ. ಅವರು ಕರಾವಳಿಯಲ್ಲೋ ಮಲೆನಾಡಿನಲ್ಲೋ ಒಂದು ಮದುವೆ ಮಂಟಪದ ಬಾಗಿಲಲ್ಲಿ ನಿಂತು ಕೇಳಲಿ. ಮುಹೂರ್ತದ ಹೊತ್ತಿಗೆ ಡೋಲಿನ ಪಕ್ಕ ಎಷ್ಟೋ ಕಡೆ ಈಗ ನುಡಿಯುವುದು ಸ್ಯಾಕ್ಸೊಫೋನ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1980ರಲ್ಲಿ ಮುಂಬೈನ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರ ಜತೆ ನುಡಿಸಿದರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದವರು, ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ, ಜಾಝ್ ವಾದಕ ಚಾರ್ಲಿ ಮರಿಯಾನೊ ಜತೆ ಸೇರಿ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಮ್ ತಂದರು. ವಾದ್ಯ ನಮ್ಮಲ್ಲಿದೆ, ವಾದಕರೂ ಇದ್ದಾರೆ. ಮದುವೆಯ ತಿಂಗಳುಗಳು ಮುಗಿದ ಮೇಲೆ ಆ ವಾದಕರಿಗೆ ಕೆಲಸವಿಲ್ಲದ ದಿನಗಳೂ ಇವೆ.

ಇನ್ನು ಕವಿತೆಯನ್ನು ಮುಂದಿಟ್ಟು ಸಂಗೀತವನ್ನು ಅದರ ಬೆನ್ನಿಗೆ ನಡೆಸುವ ವಿದ್ಯೆಯನ್ನು ನಾವು ಹೊರಗಿನಿಂದ ಕಲಿಯಬೇಕಾಗಿಯೇ ಇಲ್ಲ. ತುಂಗೆಯ ಒಂದು ದಡದಲ್ಲಿ ಮತ್ತೂರು, ಎದುರು ದಡದಲ್ಲಿ ಹೊಸಹಳ್ಳಿ. ನಗರಕ್ಕೆ ಕೂಗಳತೆಯಲ್ಲಿರುವ ಈ ಎರಡು ಊರುಗಳಲ್ಲಿ ಕಾವ್ಯವನ್ನು ರಾಗದಲ್ಲಿ ವಾಚಿಸುವ ಗಮಕ ಇಂದಿಗೂ ಜೀವಂತ. ಕುಮಾರವ್ಯಾಸನ ಒಂದು ಭಾಮಿನಿ ಷಟ್ಪದಿಯನ್ನು ಗಮಕಿ ಎತ್ತಿಕೊಳ್ಳುವುದನ್ನು ಹತ್ತಿರ ಕುಳಿತು ನೋಡಬೇಕು. ಮೂರು ನಾಲ್ಕು ಮಾತ್ರೆಗಳ ಗಣಗಳಲ್ಲಿ ಪದ್ಯ ಓಡುತ್ತದೆ, ಆದರೆ ಗಮಕಿ ಅದನ್ನು ತಾಳಕ್ಕೆ ಕಟ್ಟಿಹಾಕುವುದಿಲ್ಲ. ದ್ರೌಪದಿಯ ಮೊರೆ ಬಂದಾಗ ಒಂದೇ ಪದವನ್ನು ಎರಡು ಮೂರು ಸಲ, ಬೇರೆ ಬೇರೆ ಸ್ವರದಲ್ಲಿ ಹೇಳುತ್ತಾರೆ. ಯುದ್ಧದ ಪದ್ಯಕ್ಕೆ ಬಂದ ಕೂಡಲೇ ರಾಗ ಬದಲಾಗುತ್ತದೆ, ಉಸಿರು ಚಿಕ್ಕದಾಗುತ್ತದೆ. ಪದಚ್ಛೇದ ತಪ್ಪಿದರೆ ಅರ್ಥ ಕೆಡುತ್ತದೆ. ಆದ್ದರಿಂದ ರಾಗ ಎಷ್ಟೇ ಕರೆದರೂ ಪದವನ್ನು ಮುರಿಯುವಂತಿಲ್ಲ. ಪಕ್ಕದಲ್ಲಿ ವ್ಯಾಖ್ಯಾನಕಾರರು ಕೂತಿರುತ್ತಾರೆ. ಅವರ ಮಾತಿನ ಜಾಡು ಹಿಡಿದು ಗಮಕಿ ಮುಂದಿನ ಪದ್ಯದ ರಾಗ ಆರಿಸಿಕೊಳ್ಳುವುದೂ ಉಂಟು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರು ಈ ಕಲೆಗೆ ಇಡೀ ಬದುಕನ್ನು ಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು.

ಅದೇ ವರ್ಷ ಆಗಸ್ಟ್‌ನಲ್ಲಿ ಶಿವಮೊಗ್ಗ ಸುಬ್ಬಣ್ಣ ಅವರೂ ಹೋದರು. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿ, ವಕೀಲಿಕೆ ಮಾಡುತ್ತಲೇ ಹಾಡಿದವರು. ‘ಕಾಡು ಕುದುರೆ’ ಚಿತ್ರದಲ್ಲಿ ಚಂದ್ರಶೇಖರ ಕಂಬಾರರ ಗೀತೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಗಾಯಕ. ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ್ದ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂತು. ಕ್ಯಾಸೆಟ್ಟು ಮತ್ತು 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಸೇರಿ ಕವಿತೆಯನ್ನು ಅಡಿಕೆ ಸುಲಿಯುವ ಅಂಗಳದವರೆಗೂ ಕಾರ್ಖಾನೆಯ ಕ್ವಾರ್ಟರ್ಸ್‌ವರೆಗೂ ಒಯ್ದವು. ಓದು ಬಾರದವರ ಬಾಯಲ್ಲೂ ಕುವೆಂಪು, ಬೇಂದ್ರೆ, ಜಿಎಸ್‌ಎಸ್ ನಲಿದಾಡಿದ್ದು ಹೀಗೆ. ಈ ಉಪಕಾರವನ್ನು ಕಡಿಮೆ ಮಾಡಿ ಹೇಳುವುದು ಕೃತಘ್ನತೆ. ಆದರೆ ಒಂದು ನಷ್ಟವೂ ಆಯಿತು. ಧಾಟಿ ಒಮ್ಮೆ ಕ್ಯಾಸೆಟ್ಟಿನಲ್ಲಿ ಗಟ್ಟಿಯಾದ ಮೇಲೆ ಆ ಕವಿತೆಗೆ ಬೇರೆ ದನಿ ಇರಬಹುದು ಎಂಬುದೇ ನಮಗೆ ಮರೆತುಹೋಯಿತು. ಈಗ ಶಾಲೆಗಳ ಭಾವಗೀತೆ ಸ್ಪರ್ಧೆಯಲ್ಲಿ ಮಕ್ಕಳು ಮೊಬೈಲಿನ ಕರೋಕೆ ಟ್ರ್ಯಾಕಿಗೆ ದನಿ ಸೇರಿಸುತ್ತಾರೆ. ಟ್ರ್ಯಾಕ್ ಮಗುವಿಗಾಗಿ ಕಾಯುವುದಿಲ್ಲ. ಒಂದು ಪದದ ಮೇಲೆ ಮಗುವಿಗೆ ನಿಲ್ಲಬೇಕೆನಿಸಿದರೂ ನಿಲ್ಲುವ ಹಾಗಿಲ್ಲ. ಎದುರು ಕುಳಿತು ನುಡಿಸುವ ಮನುಷ್ಯನಾದರೆ ಕಾಯುತ್ತಾನೆ.

ಪುಸ್ತಕದಂಗಡಿಯೇ ಏಕೆ ಎಂಬುದಕ್ಕೆ ಧಾರವಾಡದ ಅಟ್ಟ ಸಾಕ್ಷಿ. ಜಿ.ಬಿ. ಜೋಶಿ 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯ ಆ ಮಹಡಿಗೆ ಬೇಂದ್ರೆ ಬರುತ್ತಿದ್ದರು, ವಿಮರ್ಶಕ ಕುರ್ತಕೋಟಿ ಕೂರುತ್ತಿದ್ದರು. ಗಿರೀಶ ಕಾರ್ನಾಡರ ‘ಯಯಾತಿ’ ಪ್ರಕಟವಾದದ್ದೂ ಅಲ್ಲಿಂದಲೇ. ಪುಸ್ತಕ ಮಾರುವ ಜಾಗ, ಹರಟೆಯ ಜಾಗ, ಹಸ್ತಪ್ರತಿ ಓದುವ ಜಾಗ ಎಲ್ಲವೂ ಒಂದೇ ಆಗಿತ್ತು. ಬೆಂಗಳೂರಿನಲ್ಲಿ ಕೋರಮಂಗಲದಲ್ಲಿ ಶುರುವಾಗಿ ಇಂದಿರಾನಗರಕ್ಕೆ ಬಂದ ‘ಆಟ ಗಲಾಟ’ ಪುಸ್ತಕದಂಗಡಿ ಕವಿತಾ ವಾಚನ, ನಾಟಕ, ಸಂಗೀತಗಳಿಗೆ ಜಾಗ ಕೊಡುತ್ತಾ ಬಂದಿದೆ. ಬೆಂಗಳೂರಿನಲ್ಲಿ ಸಾಧ್ಯವಾದದ್ದು ಶಿವಮೊಗ್ಗದಲ್ಲಿ ಆಗದು ಎಂಬ ಮಾತನ್ನು ನಾನು ಒಪ್ಪಲಾರೆ. ನಮ್ಮ ಪಕ್ಕದ ಹೆಗ್ಗೋಡಿನಂಥ ಹಳ್ಳಿ 1949ರಿಂದ ನೀನಾಸಮ್ ಎಂಬ ರಂಗಸಂಸ್ಥೆ ನಡೆಸುತ್ತಿಲ್ಲವೇ?

ಕೋಟೆಯ ಶಿವಪ್ಪನಾಯಕನ ಅರಮನೆಯಲ್ಲೇ ಮಾಡಬಹುದಲ್ಲ ಎಂದು ಕೆಲವರಿಗೆ ಅನ್ನಿಸೀತು. ಆ ದಪ್ಪ ಮರದ ಕಂಬಗಳ ನಡುವೆ ಕವಿತೆ ಕೇಳುವುದು ಚೆಂದವೇ. ಆದರೆ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಅಲ್ಲಿಗೆ ಹೋದರೆ ಅನುಮತಿ ಪತ್ರ, ಅದರ ಹಿಂದೆ ವೇದಿಕೆ, ವೇದಿಕೆಯ ಹಿಂದೆ ಮುಖ್ಯ ಅತಿಥಿಗಳು ಬರುತ್ತಾರೆ, ಕವಿತೆಯ ಪಾಲಿಗೆ ಮತ್ತೆ ಮೂರೇ ನಿಮಿಷ. ಕೋಟೆ ರಸ್ತೆಯಲ್ಲೋ ಗಾಂಧಿ ಬಜಾರಿನಲ್ಲೋ ದುರ್ಗಿಗುಡಿಯಲ್ಲೋ ಒಂದು ಅಂಗಡಿ ಸಾಕು. ಶನಿವಾರ ಸಂಜೆ ನಡುವಿನ ರ‍್ಯಾಕುಗಳನ್ನು ಗೋಡೆಗೆ ಸರಿಸಿದರೆ ನಲವತ್ತು ಜನ ಕೂರಬಹುದು. ಅಷ್ಟು ಜನಕ್ಕೆ ಮೈಕ್ ಬೇಡ, ಅಕ್ಕಪಕ್ಕದವರಿಗೆ ತೊಂದರೆಯೂ ಇಲ್ಲ. ಜೂನ್, ಜುಲೈ ಮಾತ್ರ ಬಿಡಬೇಕು. ನೋಟ್‌ಬುಕ್ಕು, ಗೈಡುಗಳ ವ್ಯಾಪಾರದ ಆ ಎರಡು ತಿಂಗಳೇ ಇಂಥ ಅಂಗಡಿಗಳ ವರ್ಷದ ಬಾಡಿಗೆ ಕಟ್ಟುವುದು. ಉಳಿದ ತಿಂಗಳುಗಳಲ್ಲಿ ಕವನ ಸಂಕಲನ ಕಪಾಟಿನ ಮೇಲಿನ ಅರೆಯಲ್ಲಿ ದೂಳು ತಿನ್ನುತ್ತದೆ. ಕೇಳಿದ ಕವಿತೆಯ ಪುಸ್ತಕ ಕೈಯಳತೆಯಲ್ಲೇ ಇದ್ದರೆ ಕೊಳ್ಳುವವರು ಇದ್ದೇ ಇರುತ್ತಾರೆ. ಅಂಗಡಿ ಸಿಗದ ಬಡಾವಣೆಯಲ್ಲಿ ಶಾಖಾ ಗ್ರಂಥಾಲಯವಿದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ತಿಂಗಳಿಗೊಂದು ಸಂಜೆ ಅದರ ಓದುವ ಕೋಣೆ ಕೇಳುವುದು ನಮ್ಮ ಹಕ್ಕು.

ದುಡ್ಡಿನ ಮಾತನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಕವಿಗೆ ಶಾಲು, ವಾದಕನಿಗೆ ಹಣ್ಣಿನ ಬುಟ್ಟಿ ಎಂಬ ಪದ್ಧತಿ ನಿಲ್ಲಲಿ. ನಲವತ್ತು ಜನ ನೂರು ರೂಪಾಯಿ ಕೊಟ್ಟರೆ ನಾಲ್ಕು ಸಾವಿರ: ಓದುವವರಿಗೆ ಒಂದೂವರೆ ಸಾವಿರ, ನುಡಿಸುವವರಿಗೆ ಒಂದೂವರೆ ಸಾವಿರ, ಉಳಿದದ್ದು ಅಂಗಡಿಯ ಕರೆಂಟಿಗೆ, ಕಾಫಿಗೆ. ಟಿಕೆಟ್ ಇಟ್ಟ ಕೂಡಲೇ ಕೃತಿಸ್ವಾಮ್ಯದ ಪ್ರಶ್ನೆ ಬರುತ್ತದೆ ಎಂಬುದನ್ನು ಸಂಘಟಕರು ತಿಳಿದಿರಲಿ. ಹವ್ಯಾಸಿ ಸಂಘವೊಂದು ಉಚಿತವಾಗಿ ನಡೆಸುವ ಪ್ರದರ್ಶನಕ್ಕೆ ಕಾನೂನು ಕೊಡುವ ರಿಯಾಯಿತಿ ಹಣ ಪಡೆದರೆ ಸಿಗದು. ಕವಿ ತೀರಿಕೊಂಡ ನಂತರವೂ 60 ವರ್ಷ ಹಕ್ಕು ವಾರಸುದಾರರದ್ದು. ಬಿ.ಎಂ. ಶ್ರೀಕಂಠಯ್ಯನವರ ಕವಿತೆಗಳು ಎಲ್ಲರ ಸ್ವತ್ತಾಗಿವೆ. ಬೇಂದ್ರೆಯವರಿಗೆ 2041ರ ಕೊನೆಯವರೆಗೆ, ಕುವೆಂಪು ಅವರಿಗೆ 2054ರವರೆಗೆ ಅನುಮತಿ ಬೇಕು. ಅದಕ್ಕೇ ಮೊದಲ ಕೆಲವು ಸಂಜೆ ಜಿಲ್ಲೆಯ ಯುವ ಕವಿಗಳೇ ಬಂದು ತಮ್ಮದೇ ಕವಿತೆ ಓದಲಿ. ಭದ್ರಾವತಿಯಿಂದಲೋ ಸಾಗರದಿಂದಲೋ ಬರುವವರಿಗೆ ಬಸ್ ಚಾರ್ಜು ಬೇರೆ ಕೊಡಬೇಕು, ಕೊನೆಯ ಬಸ್ ತಪ್ಪದ ಹಾಗೆ ಎಂಟೂವರೆಗೆ ಮುಗಿಸಬೇಕು.